ಗಿರಿರೋಗಕ್ಕೆ ಗಿಡಮೂಲಿಕೆ: ನಂಬಿಕೆಯೋ, ಪರೀಕ್ಷೆಯೋ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕೈಗೆಟಕುವುದನ್ನು ಅಲಕ್ಷಿಸುವವರನ್ನು ಕುರಿತದ್ದು. ಇಂದು ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ನಮ್ಮಲ್ಲಿ ಬೇರೂರುತ್ತಿದೆ. ಗಿಡದಿಂದ ಬಂದುದೆಲ್ಲ ಮದ್ದೇ ಸರಿ, ಅದರಿಂದ ಕೇಡಂತೂ ಇಲ್ಲ ಎಂಬುದೇ ಆ ತಪ್ಪು. ಎತ್ತರದ ಬೆಟ್ಟಗಳ ಬೇನೆಯ ವಿಷಯದಲ್ಲಿ ಈ ನಂಬಿಕೆ ಪ್ರಾಣಕ್ಕೇ ಎರವಾಗಬಲ್ಲದೆಂದು ನನ್ನ ಅಭಿಪ್ರಾಯ.

ಮೇಲೇರಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕ ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ದೇಹ ಇದಕ್ಕೆ ಒಗ್ಗಿಕೊಳ್ಳಲು ಕೆಲವು ದಿನಗಳು ಬೇಕು. ಆತುರದಿಂದ ಏರಿದವರಿಗೆ ತಲೆನೋವು, ಓಕರಿಕೆ, ತಲೆಸುತ್ತು ತೋರುತ್ತವೆ. ಅವನ್ನು ಲೆಕ್ಕಿಸದೆ ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಿಕೊಳ್ಳಬಹುದು, ಸಾವೂ ಸಂಭವಿಸಬಹುದು.

ಇದನ್ನು ತಡೆಯಲೆಂದು ದೇಶದೇಶಗಳಲ್ಲಿ ಮೂಲಿಕೆಗಳುಂಟು. ಆಂಡಿಸ್ ಪರ್ವತದವರು ಕೋಕಾ ಎಲೆ ಅಗಿಯುತ್ತಾರೆ. ಲಡಾಖಿನ ಸೋಲೋ ಗಿಡಕ್ಕೆ ಸಂಜೀವಿನಿಯೆಂಬ ಹೆಸರೇ ಬಂದಿದೆ. ಚೀನಾ ಮೂಲದ ಗಿಂಕೊ ಮರದ ಎಲೆಯ ಸಾರ ಗುಳಿಗೆಯಾಗಿ ಮಾರಾಟವಾಗುತ್ತದೆ. ಕೇದಾರ, ಕೈಲಾಸಗಳಿಗೆ ಹೊರಟ ನಮ್ಮವರಲ್ಲಿ ಹಲವರು ಮೂಸಿ ನೋಡಲು ಕರ್ಪೂರ ಒಯ್ಯುತ್ತಾರೆ.

ಇವುಗಳಲ್ಲಿ ಗಿಂಕೊವಿನ ಬಗ್ಗೆ ಕೆಲವು ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿದ್ದವು. ಆಮೇಲೆ ನೇಪಾಳದ ಎವರೆಸ್ಟ್ ಹಾದಿಯಲ್ಲಿ 614 ಯಾತ್ರಿಕರನ್ನು ಸೇರಿಸಿಕೊಂಡು ದೊಡ್ಡ ಪರೀಕ್ಷೆ ನಡೆಯಿತು. ಅದರ ಫಲಿತಾಂಶ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಲ್ಲಿ 100ಕ್ಕೆ 34 ಮಂದಿಗೆ ಬೇನೆ ಬಂತು. ಗಿಂಕೊ ಸೇವಿಸಿದವರಲ್ಲಿ 35 ಮಂದಿಗೆ. ಅಸೆಟಜೋಲಮೈಡ್ ಎಂಬ ಔಷಧ ಸೇವಿಸಿದವರಲ್ಲಿ 12 ಮಂದಿಗೆ ಮಾತ್ರ.

‘ನಾನು ಮೂಲಿಕೆ ತಿಂದು ಹೋದೆ, ಏನೂ ಆಗಲಿಲ್ಲ’ ಎನ್ನುವವರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಹುಸಿಗುಳಿಗೆ ನುಂಗಿದವರಲ್ಲಿಯೂ 100ಕ್ಕೆ 66 ಮಂದಿ ಸುಖವಾಗಿಯೇ ಇದ್ದರು. ಅವರೆಲ್ಲರೂ ಆ ಗುಳಿಗೆಯ ಮಹಿಮೆಯನ್ನು ಪ್ರಾಮಾಣಿಕವಾಗಿಯೇ ಹೊಗಳಬಹುದಿತ್ತು! ಸಾಕ್ಷಿ ಹೇಳುವವರು ಸುಳ್ಳರಲ್ಲ. ಆದರೆ ಅವರ ಸಾಕ್ಷ್ಯ ಸಾಲದು.

ಹಾಗಾದರೆ ಮೂಲಿಕೆಗಳನ್ನೆಲ್ಲ ತಿಪ್ಪೆಗೆ ಎಸೆಯಬೇಕೆ? ಖಂಡಿತ ಇಲ್ಲ. ಚೀನಾದ ಹಳೆಯ ವೈದ್ಯಗ್ರಂಥಗಳಲ್ಲಿದ್ದ ಗಿಡವೊಂದನ್ನು ಪರೀಕ್ಷೆಗೆ ಒಡ್ಡಿ ಟು ಯೂಯೂ ಅವರು ಮಲೇರಿಯಕ್ಕೆ ಆರ್ಟೆಮಿಸಿನಿನ್ ಔಷಧವನ್ನು ಕಂಡುಕೊಂಡರು. 2015ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಪರೀಕ್ಷಿಸುವುದು ಹಿರಿಯರ ಜ್ಞಾನಕ್ಕೆ ಮಾಡುವ ಅವಮಾನವಲ್ಲ, ಅದಕ್ಕೆ ಸಲ್ಲಿಸುವ ಮರ್ಯಾದೆ. ಪರೀಕ್ಷೆಯಲ್ಲಿ ಗೆಲ್ಲದ ಮೂಲಿಕೆಯನ್ನು ನೆಚ್ಚಿ ಮೇಲೇರುವುದು ಮಾತ್ರ ಅವಿವೇಕ.

ಪರೀಕ್ಷೆಯಲ್ಲಿ ಗೆದ್ದ ಉಪಾಯಕ್ಕೆ ಕಾಸು ಖರ್ಚಿಲ್ಲ. ಅದು ನಿಧಾನ. 3,000 ಮೀಟರಿನ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಮಿಸಬೇಕು. ಬೇನೆ ತೋರಿದರೆ ಮೇಲೇರಬಾರದು, ಹೆಚ್ಚಾದರೆ ತಡಮಾಡದೆ ಕೆಳಗಿಳಿಯಬೇಕು. ಔಷಧ ಬೇಕೆನಿಸಿದರೆ ವೈದ್ಯರನ್ನು ಕೇಳಬೇಕು.

ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಯಾತ್ರೆಗೆ ಹೊರಟ ಹಿರಿಯರು ‘ಓದಿದವನು ನೀನು, ಏನು ಒಯ್ಯಲಿ ಹೇಳಪ್ಪ’ ಎಂದು ನಮ್ಮನ್ನೇ ಕೇಳುತ್ತಾರೆ. ‘ಕರ್ಪೂರವನ್ನು ದೇವರ ಮುಂದೆ ಹಚ್ಚಲು ಒಯ್ಯಿರಿ, ತಲೆನೋವು ಬಂದರೆ ಅದನ್ನು ಮೂಸುತ್ತ ಮೇಲೇರಬೇಡಿ’ ಎಂದು ವಿನಯದಿಂದ ಹೇಳುವ ಧೈರ್ಯ ನಮಗೆ ಬರಲಿ.