ನಮಾಝ್ ವೇಳೆ ಹೇಳುವ ಯಂತ್ರಕ್ಕೆ ಬರೆದಿಡಬೇಕಾದ ಮಾತುಗಳು

ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನೋಡಿ ಗಡಿಯಾರ ಸರಿಪಡಿಸಿಕೊಳ್ಳುವ ಪದ್ಧತಿ ನಮ್ಮ ಮನೆಗಳಿಂದ ಮೆಲ್ಲನೆ ಮರೆಯಾಗುತ್ತಿದೆ. ಸಹರಿಯ ಅವಧಿ ಎಷ್ಟು ಗಂಟೆಗೆ ಮುಗಿಯುತ್ತದೆ, ಅಸ್ರ್ ಯಾವಾಗ ಆರಂಭ, ನಾಳೆ ಈದ್ ಹೌದೋ ಅಲ್ಲವೋ ಎಂಬ ಪ್ರಶ್ನೆಗಳನ್ನು ಮಕ್ಕಳು ಈಗ ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಗೆ ಕೇಳುತ್ತಾರೆ. ಉತ್ತರವೂ ಕ್ಷಣದಲ್ಲಿ, ಅಚ್ಚುಕಟ್ಟಾದ ಕನ್ನಡದಲ್ಲಿ, ಯಾವ ಅಳುಕೂ ಇಲ್ಲದೆ ಬರುತ್ತದೆ. ಆ ಉತ್ತರ ಎಲ್ಲಿಂದ ಬಂತು ಎಂದು ವಿಚಾರಿಸುವವರು ಮಾತ್ರ ವಿರಳ.

ಭಾಷಾ ಮಾದರಿಯೊಂದು ತಾನಾಗಿಯೇ ಸೂರ್ಯನ ಸ್ಥಾನವನ್ನು ಗುಣಿಸುವುದಿಲ್ಲ. ಓದಿದ ಬರಹಗಳ ಆಧಾರದಲ್ಲಿ, ಮುಂದೆ ಬರಬಹುದಾದ ಮಾತನ್ನು ಜೋಡಿಸುತ್ತದೆ. ಆದ್ದರಿಂದಲೇ ತಂತ್ರಜ್ಞರು ಅದರ ಕೈಗೆ ಪ್ರತ್ಯೇಕ ಉಪಕರಣವೊಂದನ್ನು ಕೊಡುತ್ತಾರೆ. ಊರಿನ ಅಕ್ಷಾಂಶ, ರೇಖಾಂಶ ಮತ್ತು ದಿನಾಂಕ ಕೊಟ್ಟರೆ ಅದು ಸೂರ್ಯೋದಯ, ಸೂರ್ಯಾಸ್ತ, ಅಮಾವಾಸ್ಯೆ, ಚಂದ್ರನ ಬೆಳಗಿದ ಭಾಗ ಇತ್ಯಾದಿಗಳನ್ನು ಲೆಕ್ಕ ಹಾಕಿ ಒಪ್ಪಿಸುತ್ತದೆ. ಆ ಅಂಕಿಗಳ ಅರ್ಥವೇನೆಂದು ಏಜೆಂಟ್‌ಗೆ ತಿಳಿಯುವುದು ಉಪಕರಣದ ಜೊತೆಗೆ ಬರೆದಿಟ್ಟ ವಿವರಣೆಯಿಂದ. ವಿವರಣೆ ಮೌನವಾಗಿರುವಲ್ಲಿ ಅದು ತನ್ನ ಊಹೆಯನ್ನು ತುಂಬುತ್ತದೆ. ಈ ವಿವರಣೆ ತಂತ್ರಜ್ಞರ ಖಾಸಗಿ ವಿಷಯವಲ್ಲ, ನಮ್ಮ ಇಬಾದತ್‌ಗೂ ಸಂಬಂಧಿಸಿದ್ದು ಎಂಬುದು ನನ್ನ ವಾದ.

ನಮಾಝ್ ಸತ್ಯವಿಶ್ವಾಸಿಗಳ ಮೇಲೆ ಸಮಯಬದ್ಧವಾಗಿ ಕಡ್ಡಾಯವೆಂದು ಅನ್ನಿಸಾ ಅಧ್ಯಾಯದ 103ನೇ ಸೂಕ್ತ ತಿಳಿಸುತ್ತದೆ. ವರ್ಷಗಳ ಎಣಿಕೆಗಾಗಿ ಚಂದ್ರನಿಗೆ ಹಂತಗಳನ್ನು ಅಲ್ಲಾಹನೇ ನಿಗದಿಪಡಿಸಿರುವುದನ್ನು ಯೂನುಸ್ ಅಧ್ಯಾಯದ 5ನೇ ಸೂಕ್ತ ನೆನಪಿಸುತ್ತದೆ. ಹೀಗಿರುವಾಗ ಲೆಕ್ಕಾಚಾರದ ಬಗ್ಗೆ ನಮಗೆ ಮುನಿಸಿರಲು ಕಾರಣವಿಲ್ಲ. ಯಾವ ಲೆಕ್ಕ, ಯಾವುದಕ್ಕೆ ಎಂಬ ಸ್ಪಷ್ಟತೆ ಬೇಕು, ಅಷ್ಟೇ.

ಫಜ್ರ್‌ನ ವಿಷಯವನ್ನೇ ತೆಗೆದುಕೊಳ್ಳಿ. ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಕೆಳಗಿರುವಾಗ ಅರುಣೋದಯವೆಂದು ಪರಿಗಣಿಸಬೇಕು? ಮುಸ್ಲಿಮ್ ವರ್ಲ್ಡ್ ಲೀಗ್ ಮತ್ತು ಕರಾಚಿಯ ಪದ್ಧತಿಗಳಲ್ಲಿ 18 ಡಿಗ್ರಿ, ಈಜಿಪ್ಟಿನದರಲ್ಲಿ 19.5, ಉತ್ತರ ಅಮೇರಿಕದ ಇಸ್ನಾ ಪದ್ಧತಿಯಲ್ಲಿ 15. ನಮ್ಮ ಅಕ್ಷಾಂಶದಲ್ಲಿ 18 ಮತ್ತು 15ರ ನಡುವಿನ ವ್ಯತ್ಯಾಸ ಸುಮಾರು 12 ನಿಮಿಷ. ಉಪವಾಸಿಗನ ಪಾಲಿಗೆ ಈ 12 ನಿಮಿಷ ಸಣ್ಣದಲ್ಲ. ಸಹರಿ ಮುಗಿಯಿತೆಂದು 18 ಡಿಗ್ರಿಯ ಪಟ್ಟಿ ಹೇಳಿದ ಮೇಲೂ ಇನ್ನೊಂದು ಲೋಟ ನೀರು ಕುಡಿಯಬಹುದೆಂದು ಯಂತ್ರ ಹೇಳಬಲ್ಲದು. ಮಕ್ಕಾದ ಉಮ್ಮುಲ್ ಕುರಾ ಪದ್ಧತಿಯಲ್ಲಿ ಇಶಾ ವೇಳೆಗೆ ಕೋನವೇ ಇಲ್ಲ. ಮಗ್ರಿಬ್‌ನ 90 ನಿಮಿಷಗಳ ಬಳಿಕ, ರಮಝಾನ್‌ನಲ್ಲಿ 120 ನಿಮಿಷಗಳ ಬಳಿಕ ಎಂದು ಲೆಕ್ಕ. ಗಲ್ಫ್‌ನಲ್ಲಿದ್ದು ಊರಿಗೆ ಬಂದವನ ಮೊಬೈಲಿನಲ್ಲಿ ಅದೇ ಉಳಿದುಕೊಂಡಿರಬಹುದು.

ಅಸ್ರ್‌ನಲ್ಲಿ ಅಂತರ ಇನ್ನೂ ದೊಡ್ಡದು. ವಸ್ತುವಿನ ನೆರಳು, ಮಧ್ಯಾಹ್ನದ ನೆರಳನ್ನು ಬಿಟ್ಟು, ಅದರ ಎತ್ತರದಷ್ಟಾದಾಗ ಎಂಬುದು ಶಾಫಿಈ ಮದ್‌ಹಬ್‌ನ ನಿಲುವು. ಎರಡರಷ್ಟಾದಾಗ ಎಂಬುದು ಹನಫಿ ಮದ್‌ಹಬ್‌ನ ಪ್ರಸಿದ್ಧ ನಿಲುವು. ಇದರಿಂದ ಕರ್ನಾಟಕದಲ್ಲಿ ಸುಮಾರು ಒಂದು ಗಂಟೆಯ ವ್ಯತ್ಯಾಸ ಉಂಟಾಗುತ್ತದೆ. ಕರಾವಳಿಯ ಬ್ಯಾರಿಗಳು ಮತ್ತು ನವಾಯತರು ಹೆಚ್ಚಾಗಿ ಶಾಫಿಈ, ಬೆಂಗಳೂರು, ಮೈಸೂರು, ಕಲಬುರಗಿ ಕಡೆಯವರು ಹೆಚ್ಚಾಗಿ ಹನಫಿ. ಒಂದೇ ರಾಜ್ಯ, ಒಂದೇ ಭಾಷೆ, ಆದರೆ ಒಂದೇ ಉತ್ತರ ಸಾಲದು. ಸಾಲದೆಂದು ವಿವರಣೆಯಲ್ಲಿ ಬರೆದಿದ್ದರೆ ಏಜೆಂಟ್ ಮೊದಲು ಕೇಳೀತು: ತಾವು ಯಾವ ಮದ್‌ಹಬ್ ಅನುಸರಿಸುತ್ತೀರಿ? ಊರನ್ನೂ ಕೇಳಬೇಕು. ಮಂಗಳೂರಿನ ಸೂರ್ಯ ಬೆಂಗಳೂರಿನ ಸೂರ್ಯನಿಗಿಂತ ಸುಮಾರು 11 ನಿಮಿಷ ತಡವಾಗಿ ನೆತ್ತಿಗೇರುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಚಂದ್ರನ ವಿಷಯದಲ್ಲಿ. 2024ರ ಈದುಲ್ ಫಿತ್ರ್ ನೆನಪಿಸಿಕೊಳ್ಳಿ. ಸೂರ್ಯ ಚಂದ್ರರ ಸಂಯೋಗ ನಡೆದದ್ದು ಎಪ್ರಿಲ್ 8ರ ರಾತ್ರಿ, ನಮ್ಮ ಗಡಿಯಾರದಲ್ಲಿ 11.51ಕ್ಕೆ. ಅಮೇರಿಕದಲ್ಲಿ ಪೂರ್ಣ ಸೂರ್ಯಗ್ರಹಣವಾದುದೂ ಆ ಹೊತ್ತಿನಲ್ಲೇ. ಮರುದಿನ ಸಂಜೆ ಚಂದ್ರನ ವಯಸ್ಸು ಸುಮಾರು 19 ಗಂಟೆ. ಕೇರಳದಲ್ಲಿ ಚಂದ್ರ ದರ್ಶನವಾಯಿತು, ಅಲ್ಲಿಯೂ ನಮ್ಮ ಕರಾವಳಿಯಲ್ಲಿಯೂ 10ರಂದು ಈದ್. ಬೆಂಗಳೂರಿನಲ್ಲಿ 30 ಉಪವಾಸ ಪೂರ್ತಿಗೊಳಿಸಿ 11ರಂದು. ಗಣಿತ ಎರಡೂ ಕಡೆಗೆ ಒಂದೇ ಆಗಿತ್ತು. ಭಿನ್ನವಾದದ್ದು ಸಾಕ್ಷ್ಯ ಮತ್ತು ಅದನ್ನು ಸ್ವೀಕರಿಸುವ ಖಾಝಿಗಳ, ಸಮಿತಿಗಳ ತೀರ್ಮಾನ. ಇಂತಹ ಉಪಕರಣ ಬರಿದೇ 'ಹೊಸ ಚಂದ್ರ: ಎಪ್ರಿಲ್ 8' ಎಂದು ಉತ್ತರಿಸಿದರೆ, ಏಜೆಂಟ್ ಅದನ್ನು ಹಿಲಾಲ್ ಎಂದು ಭಾವಿಸಿ ಎಪ್ರಿಲ್ 9ಕ್ಕೇ ಈದ್ ಶುಭಾಶಯ ಕಳುಹಿಸಿಬಿಡಬಹುದು! ಖಗೋಳಶಾಸ್ತ್ರದ ಹೊಸ ಚಂದ್ರ ಯಾರ ಕಣ್ಣಿಗೂ ಕಾಣದ ಚಂದ್ರ. ಪ್ರವಾದಿ(ಸ)ರವರು ಉಪವಾಸವನ್ನು ಜೋಡಿಸಿದ್ದು ಕಾಣುವ ಚಂದ್ರನೊಂದಿಗೆ, ಮೋಡ ಕವಿದರೆ 30ರ ಪೂರ್ತಿಯೊಂದಿಗೆ.

ಅಝಾನ್ ಕೇಳಿಸುತ್ತದಲ್ಲ, ಈ ತಲೆನೋವು ಯಾಕೆ ಎನ್ನುವವರಿದ್ದಾರೆ. ಮಸೀದಿಯ ಪಕ್ಕದಲ್ಲಿ ಮನೆಯಿರುವವರಿಗೆ ಆ ಮಾತು ಸರಿ. ದೂರದ ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿನಿಗೆ, ರಾತ್ರಿ ಪಾಳಿಯ ದಾದಿಗೆ, ಪ್ರಯಾಣದಲ್ಲಿರುವ ಚಾಲಕನಿಗೆ ಮೊಬೈಲೇ ಮುಅಝ್ಝಿನ್ ಆಗಿಬಿಟ್ಟಿದೆ. ಅದನ್ನು ಬಳಸಬೇಡಿ ಎಂದು ಉಪದೇಶಿಸುವುದು ಸುಲಭ, ಫಲ ಕಡಿಮೆ.

ನಮ್ಮ ಪೂರ್ವಿಕರು ಈ ಹೊಣೆಯನ್ನು ಅರಿತಿದ್ದರು. 14ನೇ ಶತಮಾನದ ಡಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಇಬ್ನು ಶಾತಿರ್ ಮುವಕ್ಕಿತ್ ಆಗಿದ್ದರು. ನಮಾಝ್ ವೇಳೆಗಳನ್ನು ಗಣಿಸುವುದೇ ಆ ಹುದ್ದೆಯ ಕೆಲಸ. ಅದೇ ನಗರದಲ್ಲಿ, ಅದೇ ಕಾಲದಲ್ಲಿ ಅಲ್ ಖಲೀಲಿ ರಚಿಸಿದ ವೇಳೆಯ ಕೋಷ್ಟಕಗಳು ಡಮಾಸ್ಕಸ್‌ನ ಅಕ್ಷಾಂಶಕ್ಕೆ ಸಿದ್ಧಪಡಿಸಿದವು. ಬೇರೆ ಅಕ್ಷಾಂಶಗಳವರಿಗಾಗಿ ಅವರು ಬೇರೆಯೇ ಸಹಾಯಕ ಕೋಷ್ಟಕಗಳನ್ನು ರಚಿಸಿದರು. ಒಂದು ಊರಿನ ಪಟ್ಟಿಯನ್ನು ಲೋಕಕ್ಕೆಲ್ಲ ಹಂಚಿ ಅವರು ಕೈತೊಳೆದುಕೊಳ್ಳಲಿಲ್ಲ.

ಇಂದು ಆ ಕೆಲಸ ಮಾಡಬಲ್ಲವರು ನಮ್ಮಲ್ಲೇ ಇದ್ದಾರೆ. ತಂತ್ರಾಂಶ ಬರೆಯುವ ಯುವಕ ಯುವತಿಯರು ಎಷ್ಟೋ ಮನೆಗಳಲ್ಲಿದ್ದಾರೆ, ಫಿಕ್ಹ್ ಬಲ್ಲ ಉಲಮಾಗಳು ಪ್ರತಿ ಮೊಹಲ್ಲಾದಲ್ಲಿದ್ದಾರೆ. ಇಬ್ಬರೂ ಒಂದು ಸಂಜೆ ಕುಳಿತರೆ ವಿವರಣೆಯ ಒಂದು ಪುಟ ಸಿದ್ಧವಾಗುತ್ತದೆ. ಅದರಲ್ಲಿ ಇಷ್ಟಾದರೂ ಇರಲಿ: ಫಜ್ರ್ ಮತ್ತು ಇಶಾದ ಕೋನ ಇಂತಿಷ್ಟು, ಅಸ್ರ್‌ಗೆ ಮದ್‌ಹಬ್ ಕೇಳದೆ ಉತ್ತರಿಸಬಾರದು, ಸಮಯ ಭಾರತದ್ದೋ ಗ್ರೀನಿಚ್‌ನದ್ದೋ ತಿಳಿಸಬೇಕು, ಹಿಜರಿ ದಿನ ಮಧ್ಯರಾತ್ರಿಗೆ ಅಲ್ಲ ಮಗ್ರಿಬ್‌ಗೆ ಬದಲಾಗುತ್ತದೆ, ಇಲ್ಲಿ ಕೊಟ್ಟಿರುವ ಹೊಸ ಚಂದ್ರ ಸಂಯೋಗದ ಕ್ಷಣವೇ ಹೊರತು ದರ್ಶನವಲ್ಲ, ರಮಝಾನ್ ಮತ್ತು ಈದ್‌ನ ದಿನವನ್ನು ಈ ಉಪಕರಣ ತೀರ್ಮಾನಿಸುವುದಿಲ್ಲ, ಅದಕ್ಕಾಗಿ ತಮ್ಮ ಊರಿನ ಖಾಝಿಯವರ ಘೋಷಣೆಯನ್ನು ಕಾಯಿರಿ.