ಕಬ್ಬಿನ ಸೀಮೆಯ ಹಿತ್ತಲಲ್ಲಿ ಹಾಗಲ

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಾಗ ರಾಜ್ಯವೇ ಈ ಕಡೆ ತಿರುಗಿ ನೋಡಿತು. ಕಡೆಗೆ ಸರ್ಕಾರ 3,300ಕ್ಕೆ ಒಪ್ಪಿಸಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬಿನದೇ ಮಾತು. ಎಕರೆಗಟ್ಟಲೆ ಕಬ್ಬು ಕಡಿಸುವ ಮನೆಯವರೇ ಸಂತೆಯಲ್ಲಿ ಅರ್ಧ ಕಿಲೋ ಹಾಗಲಕಾಯಿಗೆ ಚೌಕಾಸಿ ಮಾಡುತ್ತ ನಿಲ್ಲುವುದು ಮಾತ್ರ ಯಾರಿಗೂ ಸುದ್ದಿಯಲ್ಲ.

ಕಬ್ಬಿಗೆ ವರ್ಷ ಕಾಯಬೇಕು. ಹಾಗಲಕ್ಕೆ ಎರಡು ತಿಂಗಳು ಸಾಕು.

ಮಳೆಗಾಲದ ಬೆಳೆಗೆ ಬೀಜ ಊರುವುದು ಜೂನ್, ಜುಲೈನಲ್ಲಿ. ಬೇಸಿಗೆಯದಕ್ಕೆ ಜನವರಿ, ಫೆಬ್ರುವರಿ. ಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೆನೆಹಾಕಿ ಊರಿದರೆ ಬೇಗ ಮೊಳೆಯುತ್ತದೆ. ಎರೆ ಮಣ್ಣಿನಲ್ಲಿ ಮಳೆನೀರು ನಿಂತರೆ ಬೇರು ಕೊಳೆಯುವುದರಿಂದ ತಿಪ್ಪೆಗೊಬ್ಬರ ಬೆರೆಸಿ ಮಣ್ಣು ಏರಿಸಿ, ಅದರ ಮೇಲೆ ಊರುವುದು ಒಳ್ಳೆಯದು. ಹಬ್ಬಲು ಹಂದರ ಬೇಕು. ನಾಲ್ಕು ಬಿದಿರ ಗಳ, ಹಳೆಯ ತಂತಿ ಇದ್ದರಾಯಿತು. ಬಳ್ಳಿಯಲ್ಲಿ ಮೊದಲು ಅರಳುವುದು ಬರೀ ಗಂಡು ಹೂವು. ಅದು ಉದುರಿತೆಂದು ಹೆದರಿ ಬಳ್ಳಿ ಕಿತ್ತವರೂ ಇದ್ದಾರೆ. ಹೆಣ್ಣು ಹೂವಿನ ಬುಡದಲ್ಲಿ ಮುಳ್ಳುಮುಳ್ಳಿನ ಪುಟ್ಟ ಕಾಯಿ ಮೊದಲೇ ಇರುತ್ತದೆ. ಜೇನು ಸುಳಿಯದ ಹಿತ್ತಲಾದರೆ ಬೆಳಿಗ್ಗೆಯೇ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರಬೇಕು.

ಕೊಯ್ಲಿನಲ್ಲಿ ಆಸೆ ಮಾಡಬಾರದು. ಹೂವು ಕಾಯಿಗಟ್ಟಿದ ಎರಡು ವಾರದೊಳಗೆ, ಬೀಜ ಇನ್ನೂ ಬೆಳ್ಳಗೆ ಮೆತ್ತಗಿರುವಾಗಲೇ, ಎರಡು ಮೂರು ದಿನಕ್ಕೊಮ್ಮೆ ತೊಟ್ಟಿನ ಸಮೇತ ಕತ್ತರಿಸಬೇಕು. ಇನ್ನಷ್ಟು ದಪ್ಪವಾಗಲಿ ಎಂದು ಬಿಟ್ಟರೆ ಹಣ್ಣಾಗಿ, ಬಾಯಿಬಿಟ್ಟು ಕೆಂಪು ಬೀಜ ತೋರಿಸುತ್ತದೆ. ಬಳ್ಳಿ ಹೊಸ ಕಾಯಿ ಹಿಡಿಯುವುದೂ ಕಡಿಮೆಯಾಗುತ್ತದೆ. ಜವಾರಿ ತಳಿಯಾದರೆ ಬೀಜಕ್ಕೆಂದು ಒಂದೆರಡು ಬಿಡಬಹುದು. ಉಳಿದದ್ದಕ್ಕೆ ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ ತುಂಬುವ ಕೆಲಸ ಅಡುಗೆಮನೆಯದು.

ಹಾಗಲ ತಿಂದರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದೆ ಎನ್ನುವವರಿಗೆ ಬೇವಿನಕಾಯಿಯೇ ಸಾಕ್ಷಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2012ರ ಕಾಕ್ರೇನ್ ಪರಾಮರ್ಶೆ ಅದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದೇ ಹೇಳಿದೆ. ಪಲ್ಯವಾಗಿ ತಿನ್ನಲಿ, ಮಾತ್ರೆ ಬಿಡುವುದು ಬೇಡ.

ಹಿತ್ತಲ ಹಾಗಲದ ನಿಜವಾದ ವೈರಿ ಹಣ್ಣಿನ ನೊಣ. ಹೆಣ್ಣು ನೊಣ ಎಳೆಗಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಅಂಟು ಒಸರುತ್ತದೆ, ಕಾಯಿ ಸೊಟ್ಟಗಾಗಿ ಅಕಾಲಕ್ಕೆ ಹಳದಿಯಾಗುತ್ತದೆ. ಸೀಳಿ ನೋಡಿದರೆ ಒಳಗೆ ಬಿಳಿ ಹುಳುಗಳು, ಮುಟ್ಟಿದರೆ ಚಂಗನೆ ಜಿಗಿಯುತ್ತವೆ. ಅಂಥ ಕಾಯಿಯನ್ನು ಬಹಳ ಮನೆಗಳಲ್ಲಿ ಬೇಲಿಯಾಚೆ ಎಸೆಯುತ್ತಾರೆ. ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಪಕ್ಕದ ಮನೆಯ ಹಂದರಕ್ಕೇ ಬರುತ್ತದೆ. ಎಳೆಗಾಯಿಗೆ ಕಾಗದದ ಚೀಲ ಕಟ್ಟಿ, ಹುಳುಕು ಕಾಯಿಯನ್ನು ಆಳವಾಗಿ ಹೂಳಿದರೆ ಔಷಧಿ ಹೊಡೆಯುವ ಪ್ರಮೇಯ ಬಾರದು. ಕ್ಯೂ ಲೂರ್ ಎಂಬ ಆಮಿಷವಿಟ್ಟ ಬಲೆಯೂ ಇದೆ, ಆದರೆ ಅದು ಗಂಡು ನೊಣಗಳನ್ನಷ್ಟೇ ಸೆಳೆಯುತ್ತದೆ. ಹಾಗಾಗಿ ಒಬ್ಬರು ತೂಗುಹಾಕಿ ಓಣಿಯ ಉಳಿದವರು ಸುಮ್ಮನಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ.

ಹಾಗಲವನ್ನು ಪ್ರಾಣದಂತೆ ಪ್ರೀತಿಸುವ ಜಪಾನಿನ ಓಕಿನಾವಾದಲ್ಲಿ ಇದೇ ನೊಣದ ದೆಸೆಯಿಂದ ದ್ವೀಪದ ಹಾಗಲವನ್ನು ಮುಖ್ಯ ಭೂಭಾಗಕ್ಕೆ ಕಳಿಸುವಂತಿರಲಿಲ್ಲ. ಸಂತಾನಶಕ್ತಿ ಕಳೆದ ನೊಣಗಳನ್ನು ವರ್ಷಗಟ್ಟಲೆ ಹಾರಿಬಿಟ್ಟು 1993ರ ಹೊತ್ತಿಗೆ ಅದನ್ನು ಪೂರ್ತಿ ನಿರ್ಮೂಲ ಮಾಡಿದರು. ಅಷ್ಟು ದೊಡ್ಡ ಕೆಲಸವನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಆದರೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ಈ ಸೀಮೆಯ ಅರಭಾವಿಯಲ್ಲೇ ಇದೆ, ಸ್ವಸಹಾಯ ಸಂಘಗಳು ಊರೂರಲ್ಲಿವೆ. ಕಬ್ಬಿನ ದರಕ್ಕೆ ಒಟ್ಟಾಗಿ ಕೂತ ಊರಿಗೆ ಓಣಿಯ ಹಂದರಗಳಿಗೆ ಒಂದೇ ವಾರದಲ್ಲಿ ಬಲೆ ಕಟ್ಟುವುದು ಭಾರವಾಗದು. ಕಾಲೇಜಿನವರು ಬೀಜ, ಬಲೆ ಹಿಡಿದು ಸಂಘದ ಮಹಿಳೆಯರ ಬಳಿಗೆ ಬರಬೇಕು. ಹುಳುಕು ಕಾಯಿ ಹಾಕಲು ಓಣಿಗೊಂದು ಗುಂಡಿಯನ್ನು ಪಂಚಾಯಿತಿ ತೋಡಿಸಬೇಕು. ಇದೆಲ್ಲ ಬಳ್ಳಿ ಹೂ ಬಿಡುವ ಮೊದಲೇ ಆಗಬೇಕಾದರೆ, ಮೇ ತಿಂಗಳಲ್ಲೇ ಮಾತುಕತೆ ಶುರುವಾಗಬೇಕು.