ಬಿಲ್ ಸಂಖ್ಯೆಯ ದೊಡ್ಡಕ್ಷರ, ಸಣ್ಣಕ್ಷರ ಮತ್ತು ವರ್ತಕರ ತೆರಿಗೆ ಕ್ರೆಡಿಟ್

ಬಿಲ್ ಸಂಖ್ಯೆಯಲ್ಲಿರುವ ಇಂಗ್ಲಿಷ್ ಅಕ್ಷರಗಳು ದೊಡ್ಡದಾಗಿರಲಿ, ಚಿಕ್ಕದಾಗಿರಲಿ, ಇ-ಇನ್‌ವಾಯ್ಸ್ ನೋಂದಣಿ ಪೋರ್ಟಲ್ 2025ರ ಜೂನ್ 1ರಿಂದ ಅವೆಲ್ಲವನ್ನೂ ದೊಡ್ಡಕ್ಷರಕ್ಕೆ ಪರಿವರ್ತಿಸಿದ ನಂತರವೇ ಐಆರ್‌ಎನ್ ನೀಡುತ್ತಿದೆ. ಜಿಎಸ್‌ಟಿಆರ್-1ರಲ್ಲಿ ಈ ಭೇದವನ್ನು ಪರಿಗಣಿಸದಿರುವ ಪದ್ಧತಿ ಅದಕ್ಕೂ ಮೊದಲೇ ಇತ್ತು. ಸರ್ಕಾರದ ಗಣಕವು ಹೀಗೆ ತನ್ನ ಮನೆಯನ್ನು ಸರಿಪಡಿಸಿಕೊಂಡಿದೆ. ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಕಚೇರಿಗಳಲ್ಲಿರುವ ತಂತ್ರಾಂಶಗಳ ವಿಷಯದಲ್ಲಿ ಇದೇ ಮಾತನ್ನು ಹೇಳುವಂತಿಲ್ಲ.

ಕನ್ನಡ ಲಿಪಿಗೆ ಈ ತೊಡಕೇ ಇಲ್ಲ. ನಮ್ಮ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬ ಎರಡು ಜಾತಿಗಳಿಲ್ಲ. ಆದುದರಿಂದಲೇ ಬಿಲ್ ಬರೆಯುವ ಗುಮಾಸ್ತನಿಗೆ ಅದೊಂದು ವ್ಯತ್ಯಾಸವೆಂದು ತೋರುವುದಿಲ್ಲ. ಗಣಕಕ್ಕಾದರೋ ದೊಡ್ಡ 'ಎ' 65ನೆಯ ಸಂಕೇತ, ಚಿಕ್ಕ 'ಎ' 97ನೆಯ ಸಂಕೇತ. ಬೇರೆ ಆದೇಶವಿಲ್ಲದಿದ್ದಲ್ಲಿ ಅದು ಇವೆರಡನ್ನೂ ಬೇರೆ ಬೇರೆ ವಸ್ತುಗಳೆಂದೇ ತಿಳಿಯುತ್ತದೆ.

ಇದರ ಪರಿಣಾಮ ಕಾಣುವುದು ತಿಂಗಳ ಕೊನೆಯಲ್ಲಿ ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆಗೆ ತಾಳೆ ನೋಡುವಾಗ. ಎರಡು ಲಕ್ಷ ರೂಪಾಯಿ ಮೌಲ್ಯದ ಕಚ್ಚಾ ಸಾಮಗ್ರಿಗೆ ಶೇಕಡಾ 18ರ ದರದಲ್ಲಿ 36,000 ರೂಪಾಯಿ ತೆರಿಗೆಯಾಗುತ್ತದೆ. ಖರೀದಿ ಪುಸ್ತಕದಲ್ಲಿ ಬಿಲ್ ಸಂಖ್ಯೆ ಸಣ್ಣಕ್ಷರದಲ್ಲಿಯೂ ಪೋರ್ಟಲಿನಲ್ಲಿ ದೊಡ್ಡಕ್ಷರದಲ್ಲಿಯೂ ಇದ್ದರೆ, ಅಕ್ಷರಭೇದ ಮಾಡುವ ತಂತ್ರಾಂಶವು ಅದೊಂದೇ ಬಿಲ್ಲನ್ನು ಎರಡು ಪಟ್ಟಿಗಳಲ್ಲಿ ತೋರಿಸುತ್ತದೆ: 'ಪುಸ್ತಕದಲ್ಲಿದೆ, 2ಬಿಯಲ್ಲಿಲ್ಲ' ಎಂದು ಒಂದರಲ್ಲಿ, 'ಪೋರ್ಟಲಿನಲ್ಲಿದೆ, ಪುಸ್ತಕದಲ್ಲಿಲ್ಲ' ಎಂದು ಇನ್ನೊಂದರಲ್ಲಿ. 2022ರ ಜನವರಿ 1ರಿಂದ ಜಾರಿಯಲ್ಲಿರುವ ಕಲಮು 16(2)(ಎಎ) ಪ್ರಕಾರ ಸರಬರಾಜುದಾರನು ಸಲ್ಲಿಸಿದ ವಿವರದಲ್ಲಿ ಇಲ್ಲದ ಬಿಲ್ಲಿಗೆ ಕ್ರೆಡಿಟ್ ದೊರೆಯುವುದಿಲ್ಲವಾದ್ದರಿಂದ, ಎಚ್ಚರಿಕೆಯುಳ್ಳ ಗುಮಾಸ್ತನು ಮೊದಲ ಪಟ್ಟಿಯ ಕ್ರೆಡಿಟ್ಟನ್ನು ತಡೆಹಿಡಿಯುತ್ತಾನೆ. ಎರಡನೆಯ ಪಟ್ಟಿಯ ಬಿಲ್ಲನ್ನು ತಮ್ಮದಲ್ಲವೆಂದು ಭಾವಿಸಿ, 2024ರ ಅಕ್ಟೋಬರಿನಿಂದ ಬಳಕೆಗೆ ಬಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂನಲ್ಲಿ ತಿರಸ್ಕರಿಸಿಯೂ ಬಿಡಬಹುದು. ಆಗ ಇಲ್ಲದ ತಕರಾರೊಂದು ಸರಬರಾಜುದಾರನ ಮನೆಬಾಗಿಲಿಗೆ ಹೋಗುತ್ತದೆ. ಅದರ ವಿರುದ್ಧದ ಅಪಾಯವೂ ಉಂಟು. ಒಂದೇ ಬಿಲ್ಲನ್ನು ಇಬ್ಬರು ಗುಮಾಸ್ತರು ಎರಡು ರೀತಿಯ ಅಕ್ಷರಗಳಲ್ಲಿ ನಮೂದಿಸಿದರೆ ತಂತ್ರಾಂಶವು ಪುನರಾವರ್ತನೆಯನ್ನು ಗುರುತಿಸದೆ ಎರಡು ಬಾರಿ ಹಣ ಪಾವತಿಗೆ ದಾರಿ ಮಾಡಿಕೊಡುತ್ತದೆ.

ಎಲ್ಲ ಡೇಟಾಬೇಸ್‌ಗಳೂ ಒಂದೇ ರೀತಿ ವರ್ತಿಸುವುದಿಲ್ಲವೆಂಬುದು ವರ್ತಕರು ಅರಿಯಬೇಕಾದ ಮುಖ್ಯ ಸಂಗತಿ. ಎಸ್‌ಕ್ಯೂಎಲ್ ಎಂಬ ಪ್ರಶ್ನಾಭಾಷೆ ಒಂದೇ ಆದರೂ, ಅಕ್ಷರಗಳನ್ನು ಹೋಲಿಸುವ ನಿಯಮ ಅಂದರೆ 'ಕೊಲೇಷನ್' ಪ್ರತಿಯೊಂದರಲ್ಲೂ ಬೇರೆ. ಮೈಎಸ್‌ಕ್ಯೂಎಲ್ ಹಾಗೂ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಸಾಮಾನ್ಯ ಅಳವಡಿಕೆಯಲ್ಲಿ ದೊಡ್ಡ-ಚಿಕ್ಕ ಭೇದವನ್ನು ಎಣಿಸುವುದಿಲ್ಲ. ಒರಾಕಲ್ ಹಾಗೂ ಪೋಸ್ಟ್‌ಗ್ರೆಸ್ ಎಣಿಸುತ್ತವೆ. ಲೈಸೆನ್ಸ್ ವೆಚ್ಚವನ್ನು ಉಳಿಸಲೆಂದು ಎಸ್‌ಕ್ಯೂಎಲ್ ಸರ್ವರಿನಿಂದ ಪೋಸ್ಟ್‌ಗ್ರೆಸ್‌ಗೆ ಬದಲಾದ ಸಂಸ್ಥೆಯಲ್ಲಿ ನಿನ್ನೆಯವರೆಗೆ ಕೂಡುತ್ತಿದ್ದ ತಾಳೆ ಇಂದು ಕೂಡದಿರಬಹುದು. ತಂತ್ರಾಂಶ ಯಾವ ದೋಷ ಸಂದೇಶವನ್ನೂ ನೀಡುವುದಿಲ್ಲ. ಪಟ್ಟಿಯಲ್ಲಿ ಕೆಲವು ಬಿಲ್ಲುಗಳು ಕಡಿಮೆಯಾಗುತ್ತವೆ, ಅಷ್ಟೆ.

ಪರಿಹಾರವಾಗಿ ಪ್ರೋಗ್ರಾಮರುಗಳು ಹೋಲಿಕೆಯ ಸಮಯದಲ್ಲಿ ಎರಡೂ ಬದಿಗೆ 'ಅಪ್ಪರ್' ಎಂಬ ಆದೇಶವನ್ನು ಹಚ್ಚುವುದು ರೂಢಿ. ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಆದರೆ ಖಾತೆ ಪುಸ್ತಕದ ಸೂಚಿಯನ್ನು ಮುಚ್ಚಿಟ್ಟು ಪ್ರತಿ ಪುಟವನ್ನೂ ತಿರುವಿ ಹುಡುಕುವಂತೆ, ಡೇಟಾಬೇಸು ತನ್ನ ಇಂಡೆಕ್ಸ್ ಬಿಟ್ಟು ಸಾಲುಸಾಲಾಗಿ ಪರಿಶೀಲಿಸಬೇಕಾಗುತ್ತದೆ. ಸಾವಿರ ಬಿಲ್ಲುಗಳಿದ್ದಾಗ ಇದು ತಿಳಿಯುವುದಿಲ್ಲ; ಲಕ್ಷಗಳಾದಾಗ ಗಣಕ ನಿಧಾನವಾಯಿತೆಂದು ಹೊಸ ಯಂತ್ರ ಕೊಳ್ಳುವ ಮಾತು ಹೊರಡುತ್ತದೆ. ದೊಡ್ಡಕ್ಷರ ರೂಪದ ಮೇಲೆಯೇ ಇಂಡೆಕ್ಸ್ ರಚಿಸುವ ಸೌಲಭ್ಯ ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿದೆ. ಅದಕ್ಕಿಂತಲೂ ಮೇಲಾದ ಕ್ರಮವೆಂದರೆ ನಮೂದಿಸುವ ಹಂತದಲ್ಲಿಯೇ ಶುದ್ಧಿ ಮಾಡುವುದು: ಬಿಲ್ಲಿನಲ್ಲಿ ಮುದ್ರಿತವಾದ ಸಂಖ್ಯೆಯನ್ನು ಇದ್ದಂತೆಯೇ ಒಂದು ಅಂಕಣದಲ್ಲಿ ಉಳಿಸಿ, ದೊಡ್ಡಕ್ಷರಕ್ಕೆ ತಂದ ರೂಪವನ್ನು ಇನ್ನೊಂದರಲ್ಲಿ ಇಟ್ಟು, ಹೋಲಿಕೆಗೆ ಎರಡನೆಯದನ್ನು ಬಳಸುವುದು. ಸರಬರಾಜುದಾರನ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ ಮತ್ತು ಈ ಶುದ್ಧ ರೂಪ ಮೂರೂ ಕೂಡಿ ಎರಡನೇ ಬಾರಿ ಬರದಂತೆ ತಡೆ ಹಾಕಿದರೆ ಜೋಡಿ ಪಾವತಿಯ ಈ ದಾರಿಯೂ ಮುಚ್ಚುತ್ತದೆ.

ನಿಯಮ 46ರಂತೆ ಬಿಲ್ ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು. ಅದರಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಓರೆಗೆರೆಗಳಿಗೆ ಮಾತ್ರ ಅವಕಾಶ. ಆದ್ದರಿಂದ ನಡುವೆ ನುಸುಳಿದ ಖಾಲಿ ಜಾಗವನ್ನು ಅಳಿಸಿದರೆ ಹಾನಿಯಿಲ್ಲ. ಅತ್ಯುತ್ಸಾಹದಿಂದ ಗೆರೆಗಳನ್ನೂ ಮೊದಲಿನ ಸೊನ್ನೆಗಳನ್ನೂ ಅಳಿಸಹೊರಟರೆ ಎರಡು ನಿಜವಾದ ಬಿಲ್ಲುಗಳು ಒಂದಾಗಿಬಿಡುವ ಸಂಭವವುಂಟು. ಪಾಸ್‌ವರ್ಡಿಗೂ ಈ ಉದಾರತೆ ಸಲ್ಲದು. ವಿದ್ಯುತ್ ಉಪಕರಣ ತಯಾರಕರು ಅಳತೆಯ ಅಂಕಣವನ್ನು ಮುಟ್ಟದಿರುವುದೇ ಲೇಸು: ದೊಡ್ಡ 'ಎಂ' ಮೆಗಾವ್ಯಾಟ್ ಆದರೆ ಚಿಕ್ಕ 'ಎಂ' ಮಿಲಿವ್ಯಾಟ್.

ಇಷ್ಟನ್ನೂ ವರ್ತಕರೇ ಕಲಿಯಬೇಕೆಂದಲ್ಲ. ತಂತ್ರಾಂಶ ಪೂರೈಸುವವರಿಗೆ ವಾರ್ಷಿಕ ನಿರ್ವಹಣಾ ಶುಲ್ಕ ಸಲ್ಲುತ್ತಿರುವಾಗ ಉತ್ತರ ಕೊಡುವುದು ಅವರ ಹೊಣೆ. ಪರೀಕ್ಷೆಗೆ ಹತ್ತು ನಿಮಿಷ ಸಾಕು: ತಂತ್ರಾಂಶದ ಪರೀಕ್ಷಾ ಪ್ರತಿಯಲ್ಲಿ ಒಂದೇ ಬಿಲ್ಲನ್ನು ಒಮ್ಮೆ ದೊಡ್ಡಕ್ಷರದಲ್ಲಿ, ಮತ್ತೊಮ್ಮೆ ಸಣ್ಣಕ್ಷರದಲ್ಲಿ ನಮೂದಿಸಿ ನೋಡುವುದು. ಎರಡನ್ನೂ ಸ್ವೀಕರಿಸಿದರೆ ಪೂರೈಕೆದಾರರನ್ನು ಕರೆಸಬೇಕು. ತಾಳೆಯಾಗದೆ ಉಳಿದ ಬಿಲ್ಲುಗಳ ಹಳೆಯ ಪಟ್ಟಿಯನ್ನೂ ಆಗಲೇ ಮರುಪರಿಶೀಲಿಸುವುದು ಒಳಿತು. ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಕೆ, ಇವುಗಳಲ್ಲಿ ಯಾವುದು ಮೊದಲೋ ಅದನ್ನು ದಾಟಿದರೆ ಆ ವರ್ಷದ ಬಿಲ್ಲುಗಳ ಕ್ರೆಡಿಟ್ ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ.